ಮುಂಗಡಕ್ಕೆ ಮಾರಿಹೋದವರು

ದುಡಿಮೆಗಾಗಿ ಮನುಷ್ಯರನ್ನು ಸಾಗಿಸುವ ದಂಧೆ ಭಾರತದಲ್ಲಿ ಸಾಮಾನ್ಯವಾಗಿ ಶುರುವಾಗುವುದು ಮುಂಗಡ ಹಣದಿಂದ. ಬಾಯಿಗೆ ಬಟ್ಟೆ ತುರುಕಿ ವ್ಯಾನಿನೊಳಕ್ಕೆ ಎಳೆದು ಹಾಕುವ ಸಿನಿಮಾ ದೃಶ್ಯದಂಥ ಪ್ರಕರಣಗಳು ಇಲ್ಲವೆಂದಲ್ಲ. ಆದರೆ ಇಟ್ಟಿಗೆ ಗೂಡು, ಕಲ್ಲುಗಣಿ, ಅಕ್ಕಿ ಗಿರಣಿಗಳಲ್ಲಿ ಸಿಕ್ಕಿಬಿದ್ದ ಕುಟುಂಬಗಳಲ್ಲಿ ಹೆಚ್ಚಿನವು ತಾವಾಗಿಯೇ ಗಂಟುಮೂಟೆ ಕಟ್ಟಿಕೊಂಡು ರೈಲು ಹತ್ತಿದಂಥವು. ಮಗಳ ಮದುವೆ, ಆಸ್ಪತ್ರೆಯ ಖರ್ಚು, ಮಳೆ ಕೈಕೊಟ್ಟ ವರ್ಷದ ಸಾಲ, ಹೀಗೆ ಏನಾದರೊಂದು ಇಕ್ಕಟ್ಟು ಬಂದ ಹೊತ್ತಿಗೆ ಸರಿಯಾಗಿ ಮೇಸ್ತ್ರಿ ಊರಿಗೆ ಬಂದಿರುತ್ತಾನೆ. ಕೈಗೆ ಒಂದಿಷ್ಟು ದುಡ್ಡಿಡುತ್ತಾನೆ, ಆರು ತಿಂಗಳು ದುಡಿದರೆ ತೀರಿಹೋಗುತ್ತದೆ ಎನ್ನುತ್ತಾನೆ. ಹೊರಡುವಾಗ ಎಲ್ಲರ ಒಪ್ಪಿಗೆಯೂ ಇರುತ್ತದೆ. ತಲುಪಿದ ಮೇಲೆ, ಸಾಲ ತೀರುವವರೆಗೆ ಯಾರೂ ಹಿಂದಿರುಗುವಂತಿಲ್ಲ. ತೀರಿತೇ ಇಲ್ಲವೇ ಎಂಬ ಲೆಕ್ಕ ಮಾಲೀಕನ ಪುಸ್ತಕದಲ್ಲಿ ಮಾತ್ರ ಇರುತ್ತದೆ. ಆಧುನಿಕ ಗುಲಾಮಗಿರಿಯ ಅತಿ ಸಾಮಾನ್ಯವಾದ ಭಾರತೀಯ ರೂಪ ಇದು. ಕನ್ನಡನಾಡು ಇದನ್ನು ಜೀತವೆಂಬ ಹೆಸರಿನಲ್ಲಿ ತಲೆಮಾರುಗಳಿಂದ ಬಲ್ಲದು.

ಮಾನವ ಕಳ್ಳಸಾಗಣೆಗೆ ಜಗತ್ತು ಒಪ್ಪಿದ ಒಂದು ವ್ಯಾಖ್ಯೆ ಸಿಕ್ಕಿದ್ದು ತೀರಾ ಈಚೆಗೆ, 2000ನೇ ಇಸವಿಯಲ್ಲಿ. ವಿಶ್ವಸಂಸ್ಥೆ ಅಂಗೀಕರಿಸಿದ, ಪಲೆರ್ಮೊ ಒಡಂಬಡಿಕೆ ಎಂದೇ ಹೆಸರಾದ ದಾಖಲೆ ಅದು. 2003ರ ಡಿಸೆಂಬರಿನಲ್ಲಿ ಜಾರಿಗೆ ಬಂತು. ಭಾರತ 2011ರಲ್ಲಿ ಅನುಮೋದಿಸಿತು. ಅದರ ಪ್ರಕಾರ ಈ ಅಪರಾಧಕ್ಕೆ ಮೂರು ಅಂಗಗಳಿವೆ: ಒಬ್ಬರನ್ನು ನೇಮಿಸುವುದು, ಸಾಗಿಸುವುದು ಅಥವಾ ಇರಿಸಿಕೊಳ್ಳುವುದು, ಅದಕ್ಕಾಗಿ ಬಲಾತ್ಕಾರ, ಮೋಸ ಅಥವಾ ಆ ವ್ಯಕ್ತಿಯ ಅಸಹಾಯಕತೆಯನ್ನು ಬಳಸಿಕೊಳ್ಳುವುದು, ಕೊನೆಯಲ್ಲಿ ಶೋಷಣೆಯ ಉದ್ದೇಶ. ಹದಿನೆಂಟು ತುಂಬದವರ ವಿಷಯದಲ್ಲಿ ನಡುವಿನ ಅಂಗವನ್ನು ಸಾಬೀತುಪಡಿಸಬೇಕಾಗಿಲ್ಲ. ಗಡಿ ದಾಟಿಸಿರಬೇಕು ಎಂಬ ನಿಯಮವೂ ಈ ವ್ಯಾಖ್ಯೆಯಲ್ಲಿಲ್ಲ. ಪಕ್ಕದ ತಾಲ್ಲೂಕಿಗೆ ಕರೆದೊಯ್ದರೂ ಅದು ಕಳ್ಳಸಾಗಣೆಯೇ. ಮೇಲೆ ಹೇಳಿದ ವಿಧಾನಗಳಿಂದ ಪಡೆದ ಒಪ್ಪಿಗೆಗೆ ಬೆಲೆಯಿಲ್ಲ ಎಂದೂ ಒಡಂಬಡಿಕೆ ಸ್ಪಷ್ಟವಾಗಿ ಹೇಳುತ್ತದೆ.

ಇದರ ಗಾತ್ರವನ್ನು ಅಂದಾಜಿಸುವುದು ಕಷ್ಟ, ಏಕೆಂದರೆ ಬಚ್ಚಿಡುವುದೇ ಈ ದಂಧೆಯ ಗುಣ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ, ವಲಸೆಗಾಗಿ ಇರುವ ಅಂತರರಾಷ್ಟ್ರೀಯ ಸಂಘಟನೆ ಮತ್ತು ವಾಕ್ ಫ್ರೀ ಎಂಬ ಸಂಸ್ಥೆ ಕೂಡಿ 2022ರಲ್ಲಿ ಪ್ರಕಟಿಸಿದ ಅಂದಾಜಿನಂತೆ, 2021ರ ಯಾವುದೇ ಒಂದು ದಿನ ಜಗತ್ತಿನಲ್ಲಿ 4.96 ಕೋಟಿ ಜನ ಆಧುನಿಕ ಗುಲಾಮಗಿರಿಯಲ್ಲಿದ್ದರು. ಅವರಲ್ಲಿ 2.76 ಕೋಟಿ ಜನ ಬಲವಂತದ ದುಡಿಮೆಯಲ್ಲಿ, 2.2 ಕೋಟಿ ಜನ ಬಲವಂತದ ಮದುವೆಯಲ್ಲಿ. ಇನ್ನೊಂದು ಕಡೆ ಭಾರತದ ಪೊಲೀಸ್ ಲೆಕ್ಕ ಇದೆ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ 2022ರಲ್ಲಿ ಇಡೀ ದೇಶದಲ್ಲಿ ದಾಖಲಿಸಿದ ಕಳ್ಳಸಾಗಣೆ ಪ್ರಕರಣಗಳು 2,250, ಗುರುತಿಸಿದ ಸಂತ್ರಸ್ತರು 6,036. ನೂರ ನಲವತ್ತು ಕೋಟಿ ಜನರ ದೇಶದಲ್ಲಿ ಇಷ್ಟೇ ಇದ್ದರೆ ಸಂತೋಷಪಡಬೇಕಿತ್ತು. ಕಣ್ಣಿಗೆ ಬಿದ್ದದ್ದು ಇಷ್ಟು, ಬಿದ್ದರೂ ಕಳ್ಳಸಾಗಣೆ ಎಂದು ಬರೆದುಕೊಂಡದ್ದು ಇಷ್ಟು ಎಂದು ಓದಿಕೊಳ್ಳುವುದೇ ಸರಿ.

ಮುಂಗಡ ಹೇಗೆ ಬೇಡಿಯಾಯಿತು ಎಂಬುದಕ್ಕೆ ಒಂದು ಚರಿತ್ರೆಯಿದೆ. ಈಸ್ಟ್ ಇಂಡಿಯಾ ಕಂಪನಿಯ ಸರ್ಕಾರ 1843ರ ಕಾಯ್ದೆಯ ಮೂಲಕ ಗುಲಾಮಗಿರಿಗಿದ್ದ ಕಾನೂನಿನ ಮಾನ್ಯತೆಯನ್ನು ಹಿಂತೆಗೆದುಕೊಂಡಿತು. ಇವನು ನನ್ನ ಆಳು, ಹಿಡಿದುಕೊಡಿ ಎಂದು ಧಣಿ ಕೋರ್ಟಿಗೆ ಹೋಗುವ ಹಾದಿ ಅಲ್ಲಿಗೆ ಮುಚ್ಚಿತು. ಹದಿನಾರು ವರ್ಷಗಳ ಬಳಿಕ, 1859ರಲ್ಲಿ, ಕಂಪನಿಯ ಜಾಗಕ್ಕೆ ಬಂದಿದ್ದ ಬ್ರಿಟಿಷ್ ಸರ್ಕಾರ ಇನ್ನೊಂದು ಹಾದಿ ತೆರೆದುಕೊಟ್ಟಿತು. ಮುಂಗಡ ಪಡೆದ ಕೆಲಸಗಾರ ಕರಾರು ಮುರಿದರೆ ಮಾಲೀಕ ಮ್ಯಾಜಿಸ್ಟ್ರೇಟರಿಗೆ ದೂರು ಕೊಡಬಹುದು. ಹಣ ಹಿಂದಿರುಗಿಸು ಇಲ್ಲವೇ ಕೆಲಸ ಮುಗಿಸು ಎಂದು ಅವರು ಆಜ್ಞೆ ಮಾಡಬಹುದು. ಎರಡೂ ಆಗದಿದ್ದರೆ ಮೂರು ತಿಂಗಳವರೆಗೆ ಜೈಲು. ಸಾಲ ತೀರಿಸದಿರುವುದು ಉಳಿದವರೆಲ್ಲರ ಪಾಲಿಗೆ ಸಿವಿಲ್ ವ್ಯಾಜ್ಯವಾಗಿದ್ದಾಗ ಕೂಲಿಕಾರನ ಪಾಲಿಗೆ ಮಾತ್ರ ಅದು ಅಪರಾಧವಾಯಿತು. ಪ್ಲಾಂಟರುಗಳಿಗೆ ತುಂಬ ಅನುಕೂಲವಾಗಿ ಒದಗಿದ ಈ ಕಾಯ್ದೆ ರದ್ದಾದದ್ದು 1925ರಲ್ಲಿ. ಗುಲಾಮನ ಜಾಗಕ್ಕೆ ಸಾಲಗಾರ ಬಂದು ನಿಂತದ್ದು ಹೀಗೆ.

ಕಾನೂನಿನ ಪುಸ್ತಕಕ್ಕೆ ಹತ್ತದ ರೂಢಿಗಳು ಬೇರೆಯೇ ಇದ್ದವು. ಕೊಡಗಿನ ಗಡಿಗೆ ಹತ್ತಿರದ ವಯನಾಡಿನಲ್ಲಿ, ಮಾನಂತವಾಡಿ ಬಳಿಯ ವಳ್ಳಿಯೂರುಕಾವು ದೇವಸ್ಥಾನದ ಜಾತ್ರೆಯ ಹೊತ್ತಿಗೆ ಜಮೀನುದಾರರು ಪಣಿಯ ಮತ್ತು ಅಡಿಯ ಬುಡಕಟ್ಟಿನವರಿಗೆ ಒಂದಿಷ್ಟು ಹಣ ಕೊಟ್ಟು ಮುಂದಿನ ವರ್ಷವಿಡೀ ದುಡಿಯಲು ಗೊತ್ತು ಮಾಡಿಕೊಳ್ಳುತ್ತಿದ್ದರು. ದೇವಿಯ ಎದುರು ಆದ ಮಾತೆಂದ ಮೇಲೆ ಅದನ್ನು ಮುರಿಯುವ ಧೈರ್ಯ ಯಾರಿಗೂ ಇರುತ್ತಿರಲಿಲ್ಲ. ಅಲ್ಲಿ ಅಡಿಯರೆನಿಸಿದವರೇ ಕೊಡಗಿನ ಯರವರು. ದಕ್ಷಿಣ ಕನ್ನಡದ ಮೂಲದ ಹೊಲೆಯರ ಬದುಕನ್ನು ಕಂಡಿದ್ದ ಶಿವರಾಮ ಕಾರಂತರು 1933ರಲ್ಲಿ ಪ್ರಕಟಿಸಿದ 'ಚೋಮನ ದುಡಿ'ಯಲ್ಲಿ ಚೋಮನ ಮಕ್ಕಳು ಘಟ್ಟದ ಕಾಫಿ ತೋಟಕ್ಕೆ ಹೋಗುವುದೂ ತೀರದ ಸಾಲದ ಕಾರಣದಿಂದಲೇ. ಆ ಕಾದಂಬರಿ ಬಿ.ವಿ. ಕಾರಂತರ ಕೈಯಲ್ಲಿ ಸಿನಿಮಾ ಆದದ್ದು 1975ರಲ್ಲಿ, ಜೀತ ರದ್ದಾದ ವರ್ಷದಲ್ಲೇ.

ಸಂವಿಧಾನದ 23ನೇ ವಿಧಿ ಮನುಷ್ಯರ ವ್ಯಾಪಾರವನ್ನೂ ಬಿಟ್ಟಿ ಚಾಕರಿಯನ್ನೂ ಬಲವಂತದ ದುಡಿಮೆಯ ಇತರ ರೂಪಗಳನ್ನೂ ಒಂದೇ ವಾಕ್ಯದಲ್ಲಿ ನಿಷೇಧಿಸಿದೆ. ಸಂವಿಧಾನ ರಚಿಸಿದವರಿಗೆ ಇವು ಒಂದೇ ಕೇಡಿನ ಬೇರೆ ಬೇರೆ ಮುಖಗಳೆಂಬುದು ಗೊತ್ತಿತ್ತು. ಮೂಲಭೂತ ಹಕ್ಕುಗಳಲ್ಲಿ ಹಲವು ಸರ್ಕಾರದ ವಿರುದ್ಧ ಮಾತ್ರ ಚಲಾಯಿಸುವಂಥವು. ಇದು ಖಾಸಗಿ ವ್ಯಕ್ತಿಗಳ ವಿರುದ್ಧವೂ ನಡೆಯುತ್ತದೆ. ಆದರೆ ಆಮೇಲೆ ಬಂದ ಕಾಯ್ದೆಗಳು ಆ ಒಂದು ವಾಕ್ಯವನ್ನು ಎರಡಾಗಿ ಸೀಳಿ ಎರಡು ಇಲಾಖೆಗಳಿಗೆ ಹಂಚಿದವು. ಕಳ್ಳಸಾಗಣೆ ಪೊಲೀಸರ ಪಾಲಾಯಿತು, ಬಹುಕಾಲ ಅದೂ ವೇಶ್ಯಾವಾಟಿಕೆಗೆ ಸಂಬಂಧಿಸಿದ 1956ರ ಕಾಯ್ದೆಯ ಮಟ್ಟಿಗೆ. ಜೀತ ಕಂದಾಯ ಅಧಿಕಾರಿಗಳ ಪಾಲಾಯಿತು. ಇಂದು ಕಾಣುವ ತೊಡಕುಗಳಲ್ಲಿ ಅರ್ಧಕ್ಕರ್ಧ ಈ ಪಾಲುಪಟ್ಟಿಯಿಂದ ಹುಟ್ಟಿದವು.

ಜೀತ ಪದ್ಧತಿಯನ್ನು ರದ್ದು ಮಾಡುವ ಸುಗ್ರೀವಾಜ್ಞೆ 1975ರ ಅಕ್ಟೋಬರಿನಲ್ಲಿ, ತುರ್ತು ಪರಿಸ್ಥಿತಿಯ ನಡುವೆ, ಇಂದಿರಾ ಗಾಂಧಿಯವರ ಇಪ್ಪತ್ತು ಅಂಶಗಳ ಕಾರ್ಯಕ್ರಮದ ಭಾಗವಾಗಿ ಹೊರಬಿತ್ತು. ಮರುವರ್ಷ ಅದೇ ಕಾಯ್ದೆಯಾಯಿತು. ಆ ಕಾಲದ ಕಾಯ್ದೆಗಳ ನಡುವೆ ಇದು ಅಚ್ಚರಿ ಹುಟ್ಟಿಸುವಷ್ಟು ಗಟ್ಟಿಯಾದ ಬರವಣಿಗೆ. ಮುಂಗಡಕ್ಕೋ ಹುಟ್ಟಿನ ಜಾತಿಗೋ ಹಿರಿಯರ ಸಾಲಕ್ಕೋ ಪ್ರತಿಯಾಗಿ ಒಬ್ಬ ದುಡಿಯಬೇಕಾಗಿ ಬಂದು, ಅದರಿಂದ ಬೇರೆ ಕಡೆ ಕೆಲಸ ಮಾಡುವ, ಬೇಕಾದಲ್ಲಿಗೆ ಓಡಾಡುವ, ಪೇಟೆಯ ದರಕ್ಕೆ ತನ್ನ ದುಡಿಮೆಯನ್ನು ಮಾರುವ ಸ್ವಾತಂತ್ರ್ಯಗಳಲ್ಲಿ ಯಾವುದನ್ನೇ ಕಳೆದುಕೊಂಡರೂ ಅದು ಜೀತ. ಕರಾರು ಬಾಯಿಮಾತಿನದಾಗಿರಲಿ, ಕಾಗದದ್ದಾಗಿರಲಿ, ಅನೂರ್ಜಿತ. ಸಾಲ ಅಲ್ಲಿಗೇ ಕೊನೆಗೊಂಡಿತು. ಅದನ್ನು ಆಮೇಲೆ ವಸೂಲಿ ಮಾಡುವುದೇ ಅಪರಾಧ. ಇದು ಜೀತದ ಸಾಲವಲ್ಲ ಎಂದು ತೋರಿಸುವ ಹೊಣೆ ಸಾಲ ಕೊಟ್ಟವನ ಮೇಲೆ. ಇಷ್ಟೆಲ್ಲ ಬರೆದ ಕೈ ಶಿಕ್ಷೆಯ ಕಲಮಿಗೆ ಬಂದಾಗ ಸಡಿಲವಾಯಿತು: ಮೂರು ವರ್ಷದವರೆಗೆ ಸೆರೆ, ಎರಡು ಸಾವಿರ ರೂಪಾಯಿವರೆಗೆ ದಂಡ. ಆ ಎರಡು ಸಾವಿರ ಇಂದಿಗೂ ಎರಡು ಸಾವಿರವೇ.

ಕರ್ನಾಟಕದ ಹಳ್ಳಿಗಳಲ್ಲಿ ಹೊಲಮನೆಯ ಜೀತ, ಎಂದರೆ ಗೌಡರ ಮನೆಯಲ್ಲಿ ವರ್ಷಗಟ್ಟಲೆ ದನ ಮೇಯಿಸಿಕೊಂಡು, ಹೊಲ ಉತ್ತುಕೊಂಡು ಇರುವ ಹುಡುಗರ ಜೀತ, ಈ ಕಾಯ್ದೆಯಿಂದ, ದೇವರಾಜ ಅರಸು ಕಾಲದ ಭೂಸುಧಾರಣೆಯಿಂದ, ದಲಿತ ಚಳವಳಿಯಿಂದ ಬಹಳಷ್ಟು ಕುಗ್ಗಿತು. ಜೀತ ವಿಮುಕ್ತಿ ಕರ್ನಾಟಕ, ಚಿಕ್ಕದಾಗಿ ಜೀವಿಕ ಎಂಬ ಸಂಘಟನೆ ಹಳ್ಳಿಹಳ್ಳಿ ತಿರುಗಿ ಪಟ್ಟಿ ಮಾಡಿ ಅಧಿಕಾರಿಗಳ ಮುಂದಿಟ್ಟ ಹೆಸರುಗಳೂ ಕಡಿಮೆಯಲ್ಲ. 1978ರಿಂದ ಈಚೆಗೆ ದೇಶದಲ್ಲಿ ಅಧಿಕೃತವಾಗಿ ಬಿಡುಗಡೆಯಾದ ಸುಮಾರು 3.15 ಲಕ್ಷ ಜೀತದಾಳುಗಳ ಪೈಕಿ 60 ಸಾವಿರಕ್ಕೂ ಹೆಚ್ಚು ಜನ ಕರ್ನಾಟಕದವರು. ತಮಿಳುನಾಡನ್ನು ಬಿಟ್ಟರೆ ಇಷ್ಟು ದೊಡ್ಡ ಸಂಖ್ಯೆ ಬೇರೆ ರಾಜ್ಯದಲ್ಲಿಲ್ಲ. ಇದನ್ನು ನಾಚಿಕೆಯ ಲೆಕ್ಕವೆನ್ನಬೇಕೋ, ಹುಡುಕುವ ಮನಸ್ಸು ಮಾಡಿದ್ದರ ಗುರುತೆನ್ನಬೇಕೋ ಎಂಬುದು ಓದುವವರಿಗೆ ಬಿಟ್ಟದ್ದು.

ಊರೊಳಗಿನ ಜೀತ ಕುಗ್ಗಿದ ಹೊತ್ತಿಗೆ ಊರು ಬಿಡಿಸಿ ತರುವ ಜೀತ ಬೆಳೆಯಿತು. ಅದರ ದಾರಿಯನ್ನು ನೋಡಲು ಪಶ್ಚಿಮ ಒಡಿಶಾಕ್ಕೆ ಹೋಗಬೇಕು. ಬಲಾಂಗೀರ್, ನುವಾಪಡಾ, ಕಾಳಹಂಡಿ, ಬರಗಢ ಜಿಲ್ಲೆಗಳು ಮಳೆಯನ್ನೇ ನಂಬಿದ ಒಂದು ಬೆಳೆಯ ನಾಡು. ಹೊಸ ಅಕ್ಕಿಯ ಹಬ್ಬ ನುವಾಖಾಯಿ ಕಳೆಯುತ್ತಿದ್ದಂತೆ ಸರ್ದಾರರೆಂದು ಕರೆಸಿಕೊಳ್ಳುವ ದಲ್ಲಾಳಿಗಳು ಹಳ್ಳಿಗಳಲ್ಲಿ ಮುಂಗಡ ಹಂಚುತ್ತಾರೆ. ಮುಂಗಡ ಕೊಡುವುದು ತಲೆಗೆ ಇಷ್ಟೆಂದಲ್ಲ, ಗಂಡು, ಹೆಣ್ಣು, ಜೊತೆಗೊಂದು ಮಗು ಸೇರಿದ ತಂಡಕ್ಕೆ ಇಷ್ಟೆಂದು. ಮಗುವನ್ನೂ ಲೆಕ್ಕಕ್ಕೆ ಹಿಡಿದೇ ವ್ಯವಹಾರ ಕುದುರುತ್ತದೆ. ಮಳೆಗಾಲ ಮುಗಿದ ಮೇಲೆ ಬಲಾಂಗೀರ್ ಜಿಲ್ಲೆಯ ಕಾಂಟಾಬಾಂಜಿ ರೈಲು ನಿಲ್ದಾಣದಲ್ಲಿ ಈ ಕುಟುಂಬಗಳು ಪಾತ್ರೆ, ಚಾಪೆ, ಅಕ್ಕಿ ಚೀಲಗಳೊಂದಿಗೆ ತೆಲಂಗಾಣ, ಆಂಧ್ರ, ತಮಿಳುನಾಡು, ಕರ್ನಾಟಕದ ಇಟ್ಟಿಗೆ ಗೂಡುಗಳಿಗೆ ಹೊರಡುತ್ತವೆ. ಮತ್ತೆ ಊರು ಕಾಣುವುದು ಮುಂದಿನ ಮಳೆಗಾಲದ ಹೊಸ್ತಿಲಲ್ಲಿ.

ಗೂಡಿನ ಕೆಲಸ ಶುರುವಾಗುವುದು ಬೆಳಕು ಹರಿಯುವುದಕ್ಕೆ ಬಹಳ ಮುಂಚೆ. ಹಿಂದಿನ ಸಂಜೆ ನೆನೆಹಾಕಿದ ಮಣ್ಣನ್ನು ಗಂಡಸು ತುಳಿದು ಹದ ಮಾಡುತ್ತಾನೆ, ಹೆಂಗಸು ಉಂಡೆ ಕಟ್ಟಿ ಕೊಡುತ್ತಾಳೆ, ಅಚ್ಚಿಗೆ ಬಡಿದು ಬಯಲಲ್ಲಿ ಸಾಲಾಗಿ ಕಳಚುತ್ತಾರೆ. ಅರೆ ಒಣಗಿದ ಹಸಿ ಇಟ್ಟಿಗೆಯನ್ನು ಮಗ್ಗುಲು ಬದಲಿಸಿ ನಿಲ್ಲಿಸುವ ಕೆಲಸ ಮಕ್ಕಳದು. ದೊಡ್ಡವರ ಭಾರಕ್ಕೆ ಒಡೆಯುವ ಇಟ್ಟಿಗೆಯ ಮೇಲೆ ಮಕ್ಕಳ ಕಾಲು ಹಗುರವಾಗಿ ಬೀಳುತ್ತದೆ ಎಂಬುದು ಅದಕ್ಕೆ ಕೊಡುವ ಕಾರಣ. ಒಣಗಿದ್ದನ್ನು ಹೊತ್ತು ಗೂಡಿಗೆ ಜೋಡಿಸುವುದು, ಬೆಂಕಿ ಕಾಯುವುದು, ಬೆಂದದ್ದನ್ನು ಲಾರಿಗೆ ತುಂಬುವುದು ಬೇರೆ ಬೇರೆ ತಂಡಗಳ ಪಾಲು. ವಾಸಕ್ಕೆ ಅಲ್ಲೇ ಪೇರಿಸಿದ ಇಟ್ಟಿಗೆಯ ಗೋಡೆ, ಮೇಲೊಂದು ತಗಡು. ಒಳಗೆ ಹೋಗಬೇಕಾದರೆ ಸೊಂಟ ಬಗ್ಗಿಸಲೇಬೇಕು.

ಇಲ್ಲಿನ ಲೆಕ್ಕ ಹೇಗೆ ನಡೆಯುತ್ತದೆಂಬುದನ್ನು ಒಂದು ಕಲ್ಪಿತ ಉದಾಹರಣೆಯಿಂದ ತಿಳಿಯಬಹುದು. ಗಂಡ ಹೆಂಡತಿ 30,000 ರೂಪಾಯಿ ಮುಂಗಡ ಪಡೆದಿದ್ದಾರೆ ಎಂದುಕೊಳ್ಳೋಣ. ಸಾವಿರ ಇಟ್ಟಿಗೆಗೆ 600 ರೂಪಾಯಿ ಕೂಲಿ. ಇಬ್ಬರೂ ಸೇರಿ ದಿನಕ್ಕೆ ಸಾವಿರದಂತೆ ವಾರದಲ್ಲಿ ಆರು ದಿನ ಕೊಯ್ದರೆ 3,600 ರೂಪಾಯಿ. ಊಟದ ಖರ್ಚಿಗೆಂದು ವಾರಕ್ಕೆ 1,500 ಕೈಗೆ ಸಿಗುತ್ತದೆ, ಮಿಕ್ಕ 2,100 ಮುಂಗಡಕ್ಕೆ ವಜಾ. ಹದಿನೈದು ವಾರದಲ್ಲಿ ಸಾಲ ತೀರಬೇಕು. ಈ ಲೆಕ್ಕ ಹೇಳಿಯೇ ಅವರನ್ನು ಕರೆತಂದಿರುತ್ತಾರೆ. ಆದರೆ ಸಾವಿರ ಇಟ್ಟಿಗೆಗೆ ಇಷ್ಟು ಒಡೆದವೆಂದು ಪ್ರತಿಸಲ ಕಳೆಯುತ್ತಾರೆ. ಅಕಾಲದ ಮಳೆಗೆ ಕರಗಿದ ಇಟ್ಟಿಗೆಗೆ ಕೂಲಿಯಿಲ್ಲ. ಮೇಸ್ತ್ರಿಯ ಕಮಿಷನ್ ಇದೇ ಕೂಲಿಯಿಂದ ಹೋಗುತ್ತದೆ. ಬರುವಾಗಿನ ರೈಲು ಖರ್ಚು, ಜ್ವರ ಬಂದಾಗ ಕೊಡಿಸಿದ ಮಾತ್ರೆ, ಮಲಗಿದ ದಿನಗಳ ಊಟ, ಎಲ್ಲ ಸಾಲದ ಬಾಬಿಗೆ ಸೇರುತ್ತವೆ. ಹಂಗಾಮು ಮುಗಿಯುವ ಹೊತ್ತಿಗೆ ಇನ್ನೂ ಎಂಟು ಸಾವಿರ ಬಾಕಿ ಎಂದು ಪುಸ್ತಕ ಹೇಳುತ್ತದೆ. ಬಾಕಿ ಮುಂದಿನ ವರ್ಷದ ಮುಂಗಡಕ್ಕೆ ಕೂಡಿಕೊಳ್ಳುತ್ತದೆ. ಅಥವಾ ಇನ್ನೊಬ್ಬ ಗೂಡಿನ ಮಾಲೀಕ ಆ ಬಾಕಿ ಕಟ್ಟಿ ಕುಟುಂಬವನ್ನು ತನ್ನಲ್ಲಿಗೆ ಒಯ್ಯುತ್ತಾನೆ. ಸಂತೆಯಲ್ಲಿ ದನ ಕೈ ಬದಲಿಸುವುದಕ್ಕೂ ಇದಕ್ಕೂ ಹೆಚ್ಚಿನ ಅಂತರವಿಲ್ಲ. ಇದೇ ಉದಾಹರಣೆಯಲ್ಲಿ ಯಾವ ಕಡಿತವೂ ಇಲ್ಲದೆ ಕೂಲಿ ಪೂರ್ತಿ ಸಿಕ್ಕಿತೆಂದೇ ಇಟ್ಟುಕೊಂಡರೂ ತಲೆಗೆ ಬೀಳುವುದು ದಿನಕ್ಕೆ 300 ರೂಪಾಯಿ, ಅದೂ ಹನ್ನೆರಡು ತಾಸಿನ ದುಡಿಮೆಗೆ, ಮಗುವಿನ ಕೆಲಸಕ್ಕೆ ಸೊನ್ನೆ.

ಓಡಿಹೋಗಬಾರದೇ ಎಂದು ಕೇಳುವವರುಂಟು. ಕೆಲವು ಕಡೆ ನಿಜವಾದ ಸರಪಳಿಯೇ ಇತ್ತು. 2000ನೇ ಇಸವಿಯಲ್ಲಿ ಮಂಡ್ಯ ಜಿಲ್ಲೆ ಶ್ರೀರಂಗಪಟ್ಟಣ ತಾಲ್ಲೂಕಿನ ಹಂಗರಹಳ್ಳಿಯ ಕಲ್ಲುಗಣಿಯಲ್ಲಿ ಕಾಲಿಗೆ ಸಂಕೋಲೆ ಹಾಕಿದ್ದ ಜೀತದಾಳುಗಳು ಪತ್ತೆಯಾದಾಗ ನಾಡು ಬೆಚ್ಚಿಬಿದ್ದಿತ್ತು. 2013ರ ಡಿಸೆಂಬರಿನಲ್ಲಿ ಕಾಳಹಂಡಿಯ ಇಬ್ಬರು ಕೂಲಿಕಾರರ ಮುಂಗೈಯನ್ನು ದಲ್ಲಾಳಿಗಳ ಕಡೆಯವರು ಕತ್ತರಿಸಿದರು. ಮುಂಗಡ ಪಡೆದು ಹೊರಟಿದ್ದ ತಂಡದಲ್ಲಿ ಉಳಿದವರು ತಪ್ಪಿಸಿಕೊಂಡಿದ್ದರು. ಸಿಕ್ಕಿಬಿದ್ದ ಇಬ್ಬರ ಮೇಲೆ ಸಿಟ್ಟು ತೀರಿತು. ಸುಪ್ರೀಂ ಕೋರ್ಟು ತಾನಾಗಿ ಆ ಪ್ರಕರಣವನ್ನು ಕೈಗೆತ್ತಿಕೊಂಡಿತು. ಆದರೆ ಇಂಥ ಕ್ರೌರ್ಯ ಸುದ್ದಿಯಾಗುವುದರಿಂದಲೇ ಒಂದು ತಪ್ಪು ತಿಳಿವಳಿಕೆ ಬೇರೂರಿದೆ: ಸರಪಳಿಯಿಲ್ಲದಿದ್ದರೆ ಜೀತವಲ್ಲ ಎಂದು. ದಿನನಿತ್ಯದ ಕಟ್ಟು ಇದಕ್ಕಿಂತ ಸರಳ. ಗುರುತಿನ ಚೀಟಿ ಮಾಲೀಕನ ಬಳಿ ಇರುತ್ತದೆ. ಊರಿನ ಸಾವಿಗೆ ಹೋಗಬೇಕೆಂದರೆ ಗಂಡನೊಬ್ಬ ಹೋಗಬಹುದು, ಹೆಂಡತಿ ಮಕ್ಕಳು ಇಲ್ಲೇ ಇರಬೇಕು. ವಾರದ ಸಂತೆಗೆ ಹೋದರೆ ಜೊತೆಗೊಬ್ಬ ಕಾವಲಿನವನು. ಭಾಷೆ ಬಾರದು, ಪೊಲೀಸ್ ಠಾಣೆ ಎಲ್ಲಿದೆಯೆಂದು ತಿಳಿಯದು, ತಿಳಿದರೂ ಅಲ್ಲಿನವರು ಮಾಲೀಕನ ಪರಿಚಯದವರೇ ಇರಬಹುದೆಂಬ ಭಯ. ಎಲ್ಲಕ್ಕಿಂತ ಮಿಗಿಲಾಗಿ, ಪಡೆದ ಹಣ ತೀರಿಸದೆ ಓಡುವುದು ತಪ್ಪು ಎಂದು ದುಡಿಯುವವರೇ ನಂಬಿರುತ್ತಾರೆ. ಕಾನೂನು ಅಳಿಸಿಹಾಕಿದ ಸಾಲವನ್ನು ಮರ್ಯಾದೆ ಉಳಿಸಿಕೊಂಡಿರುತ್ತದೆ.

ಹೀಗೆ ಸಿಕ್ಕಿಬೀಳುವವರಲ್ಲಿ ದಲಿತರು ಮತ್ತು ಆದಿವಾಸಿಗಳದೇ ದೊಡ್ಡ ಪಾಲು. ತಮಿಳುನಾಡಿನ ಕಾಂಚೀಪುರಂ, ತಿರುವಳ್ಳೂರು ಕಡೆಯ ಅಕ್ಕಿ ಗಿರಣಿ ಮತ್ತು ಇಟ್ಟಿಗೆ ಗೂಡುಗಳಲ್ಲಿ ಇರುಳರು. ಅದೇ ರಾಜ್ಯದ ಕೊಯಮತ್ತೂರು, ದಿಂಡಿಗಲ್ ಸೀಮೆಯ ನೂಲಿನ ಗಿರಣಿಗಳಲ್ಲಿ ಮೂರು ವರ್ಷ ದುಡಿದರೆ ಮದುವೆಗೆ ಇಡುಗಂಟು ಎಂಬ 'ಸುಮಂಗಲಿ' ಯೋಜನೆಯ ಮಾತಿಗೆ ಸಿಕ್ಕ ಹುಡುಗಿಯರು. ಕರ್ನಾಟಕದ ರೇಷ್ಮೆ ಉದ್ಯಮಕ್ಕೂ ಈ ಕಲೆ ಅಂಟಿತ್ತು. ರಾಮನಗರ, ಮಾಗಡಿ, ಚನ್ನಪಟ್ಟಣದ ಸುತ್ತ ನೂಲು ಬಿಚ್ಚಾಣಿಕೆ ಮತ್ತು ಹುರಿ ಮಾಡುವ ಘಟಕಗಳಲ್ಲಿ ಮುಂಗಡಕ್ಕೆ ಒತ್ತೆಯಿಟ್ಟ ಮಕ್ಕಳು ಕುದಿಯುವ ನೀರಿನಲ್ಲಿ ಕೈಯಾಡಿಸಿ ಗೂಡಿನ ಎಳೆ ಹುಡುಕುತ್ತಿದ್ದುದನ್ನು ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ 2003ರ ವರದಿಯಲ್ಲಿ ವಿವರವಾಗಿ ದಾಖಲಿಸಿದೆ. ಅಂಗೈ ಬೊಕ್ಕೆಯೆದ್ದು ಸುಲಿಯುವುದು ಆ ಕೆಲಸದ ಗುರುತಾಗಿತ್ತು.

ನ್ಯಾಯಾಲಯ ಈ ವಿಷಯದಲ್ಲಿ ಸರ್ಕಾರಕ್ಕಿಂತ ಮುಂದೆ ಯೋಚಿಸಿತು ಎನ್ನಬೇಕು. 1982ರ ದೆಹಲಿ ಏಷ್ಯನ್ ಕ್ರೀಡಾಕೂಟದ ಕಟ್ಟಡಗಳಲ್ಲಿ ದುಡಿದ ಕೂಲಿಕಾರರಿಗೆ ಕನಿಷ್ಠ ಕೂಲಿ ಸಿಗುತ್ತಿಲ್ಲವೆಂದು ಪ್ರಜಾಸತ್ತಾತ್ಮಕ ಹಕ್ಕುಗಳ ಸಂಘಟನೆಯೊಂದು ಸುಪ್ರೀಂ ಕೋರ್ಟಿಗೆ ಹೋಯಿತು. ನ್ಯಾಯಮೂರ್ತಿ ಪಿ.ಎನ್. ಭಗವತಿ ಅವರಿದ್ದ ಪೀಠ ಕೊಟ್ಟ ತೀರ್ಪು ಬಲವಂತದ ಅರ್ಥವನ್ನೇ ಹಿಗ್ಗಿಸಿತು. ಹಸಿವು, ಬಡತನವೂ ಬಲಾತ್ಕಾರವೇ. ಕನಿಷ್ಠ ಕೂಲಿಗಿಂತ ಕಡಿಮೆಗೆ ಒಬ್ಬ ದುಡಿಯಲು ಒಪ್ಪಿದ್ದಾನೆಂದರೆ ಅವನನ್ನು ಯಾವುದೋ ಒತ್ತಡ ದೂಡಿದೆ ಎಂದೇ ತಿಳಿಯಬೇಕು. ಅದು 23ನೇ ವಿಧಿಯ ಉಲ್ಲಂಘನೆ. ಎರಡನೆಯ ಮುಖ್ಯ ತೀರ್ಪು ಬಂದದ್ದು ಸ್ವಾಮಿ ಅಗ್ನಿವೇಶರ ಬಂಧುವಾ ಮುಕ್ತಿ ಮೋರ್ಚಾ ಫರೀದಾಬಾದಿನ ಕಲ್ಲುಗಣಿಗಳ ಬಗ್ಗೆ ಹೂಡಿದ ಪ್ರಕರಣದಲ್ಲಿ. ಬಲವಂತದ ದುಡಿಮೆ ಕಂಡುಬಂದರೆ ಅದರ ಹಿಂದೆ ಮುಂಗಡ ಇದ್ದೇ ಇದೆಯೆಂದು ಭಾವಿಸಬೇಕು, ಇಲ್ಲವೆಂದು ತೋರಿಸುವುದು ಮಾಲೀಕನ ಕೆಲಸ ಎಂದಿತು ಅದು. ಅಕ್ಷರ ಬಾರದ ಕೂಲಿಯವನು ಮುಂಗಡಕ್ಕೆ ರಸೀದಿ ಎಲ್ಲಿಂದ ತಂದಾನು ಎಂಬ ಸಾಮಾನ್ಯ ಜ್ಞಾನ ಆ ತೀರ್ಪಿನ ತಳದಲ್ಲಿದೆ. ಈ ಎರಡು ತೀರ್ಪುಗಳನ್ನು ಅಕ್ಷರಶಃ ಅನ್ವಯಿಸಿದರೆ ದೇಶದ ಇಟ್ಟಿಗೆ ಗೂಡುಗಳಲ್ಲಿ ಎಷ್ಟು ಉಳಿದಾವೆಂಬುದು ಬೇರೆ ಮಾತು.

ಕಳ್ಳಸಾಗಣೆಯ ಕಾನೂನು ಈ ಮಟ್ಟಕ್ಕೆ ಬರಲು ಇನ್ನೂ ಮೂವತ್ತು ವರ್ಷ ಬೇಕಾಯಿತು. ದೆಹಲಿಯ ಅತ್ಯಾಚಾರ ಪ್ರಕರಣದ ಬಳಿಕ ನೇಮಕವಾದ ನ್ಯಾಯಮೂರ್ತಿ ವರ್ಮಾ ಸಮಿತಿಯ ವರದಿಯನ್ನು ಅನುಸರಿಸಿ 2013ರಲ್ಲಿ ದಂಡಸಂಹಿತೆಯ 370ನೇ ಕಲಮನ್ನು ಹೊಸದಾಗಿ ಬರೆದರು. ಪಲೆರ್ಮೊ ವ್ಯಾಖ್ಯೆ ಆಗ ಭಾರತದ ಕಾನೂನಿಗೆ ಬಂತು. ಈಗ ಅದು ಭಾರತೀಯ ನ್ಯಾಯ ಸಂಹಿತೆಯ 143ನೇ ಕಲಮು. ಕನಿಷ್ಠ ಏಳು ವರ್ಷ ಸೆರೆ. ಒಬ್ಬರಿಗಿಂತ ಹೆಚ್ಚು ಜನರನ್ನು ಸಾಗಿಸಿದ್ದರೆ ಹತ್ತು ವರ್ಷದಿಂದ ಜೀವಾವಧಿಯವರೆಗೆ. ಸಂತ್ರಸ್ತರ ಒಪ್ಪಿಗೆ ಲೆಕ್ಕಕ್ಕಿಲ್ಲ. ಕಾಂಟಾಬಾಂಜಿಯಿಂದ ಕುಟುಂಬಗಳನ್ನು ತಂದ ಮೇಸ್ತ್ರಿಯೂ ತರಿಸಿಕೊಂಡ ಮಾಲೀಕನೂ ಇದರಡಿ ಬರಬೇಕು. ಬರುವುದು ಅಪರೂಪ. ತಹಶೀಲ್ದಾರರು ಬಂದರೆ ಜೀತ ಕಾಯ್ದೆಯ ಮೂರು ವರ್ಷ, ಎರಡು ಸಾವಿರ ರೂಪಾಯಿ. ಕಾರ್ಮಿಕ ಇಲಾಖೆ ಬಂದರೆ ಕನಿಷ್ಠ ಕೂಲಿಯ ನೋಟಿಸು. ಪೊಲೀಸರು ಬಂದರೆ, ಇವರು ತಾವಾಗಿ ಬಂದ ವಲಸೆಯವರು, ಇದರಲ್ಲಿ ನಮ್ಮದೇನಿದೆ ಎಂಬ ಉತ್ತರ. ಮೂರೂ ಇಲಾಖೆ ಒಟ್ಟಿಗೆ ಬಂದ ದಿನ ಮಾತ್ರ ಅಪರಾಧ ಅದರ ಪೂರ್ಣ ಆಕಾರದಲ್ಲಿ ಕಾಣುತ್ತದೆ. ಕಳ್ಳಸಾಗಣೆಯ ಎಲ್ಲ ರೂಪಗಳಿಗೂ ಒಂದೇ ಕಾಯ್ದೆ ತರುವ ಮಸೂದೆಯನ್ನು ಲೋಕಸಭೆ 2018ರಲ್ಲಿ ಅಂಗೀಕರಿಸಿತ್ತು. ರಾಜ್ಯಸಭೆಯ ಅಂಗೀಕಾರ ಸಿಗದೆ ಅದು ಮರುವರ್ಷ ಬಿದ್ದುಹೋಯಿತು.

ಬಿಡಿಸುವ ಕೆಲಸದಲ್ಲಿ ಎಲ್ಲಕ್ಕಿಂತ ಬೆಲೆಯುಳ್ಳ ವಸ್ತು ಒಂದು ಹಾಳೆ ಕಾಗದ. ಜಿಲ್ಲಾಧಿಕಾರಿ ಅಥವಾ ಉಪವಿಭಾಗಾಧಿಕಾರಿ ಸಹಿ ಮಾಡಿ ಕೊಡುವ ಬಿಡುಗಡೆ ಪತ್ರ ಅದು. ಇಂಥವರು ಜೀತದಲ್ಲಿದ್ದರು, ಇಂದಿನಿಂದ ಮುಕ್ತರು, ಇವರ ಸಾಲ ರದ್ದಾಗಿದೆ ಎಂಬಷ್ಟೇ ಅದರ ಒಕ್ಕಣೆ. ಅದಿಲ್ಲದೆ ಬಸ್ಸು ಹತ್ತಿಸಿ ಊರಿಗೆ ಕಳಿಸಿದರೆ ಪರಿಹಾರ ಬಾರದು, ಪ್ರಕರಣ ನಿಲ್ಲದು, ಮೇಸ್ತ್ರಿ ಮರುವಾರವೇ ಮನೆಬಾಗಿಲಿಗೆ ಬಂದು ಬಾಕಿ ಕೇಳುತ್ತಾನೆ. ಕೇಂದ್ರದ 2016ರ ಪುನರ್ವಸತಿ ಯೋಜನೆಯಲ್ಲಿ ತಕ್ಷಣದ ನೆರವು 20,000 ರೂಪಾಯಿ ಇದ್ದದ್ದು ಆಮೇಲೆ 30,000ಕ್ಕೆ ಏರಿತು. ಪೂರ್ತಿ ಪುನರ್ವಸತಿಗೆ ಗಂಡಸರಿಗೆ 1 ಲಕ್ಷ, ಮಹಿಳೆಯರಿಗೆ ಮತ್ತು ಮಕ್ಕಳಿಗೆ 2 ಲಕ್ಷ, ಕಳ್ಳಸಾಗಣೆಯಂಥ ತೀವ್ರ ಪ್ರಕರಣಗಳಲ್ಲಿ 3 ಲಕ್ಷ. ಮೊತ್ತ ಸಣ್ಣದಲ್ಲ. ಆದರೆ ಈ ಪೂರ್ತಿ ಹಣವನ್ನು ಆರೋಪಿಯ ವಿಚಾರಣೆ ಮುಗಿಯುವುದಕ್ಕೆ ಗಂಟು ಹಾಕಿದ್ದಾರೆ. ವಿಚಾರಣೆ ಎಳೆದಾಡುತ್ತದೆ, ಸಾಕ್ಷಿ ಹೇಳಬೇಕಾದವರು ಒಡಿಶಾದಲ್ಲಿ, ಪ್ರಕರಣ ಇಲ್ಲಿ. ಅಷ್ಟರಲ್ಲಿ ಮತ್ತೊಂದು ಹಂಗಾಮು ಬಂದಿರುತ್ತದೆ, ಮನೆಯಲ್ಲಿ ಅದೇ ಇಕ್ಕಟ್ಟು, ಊರಲ್ಲಿ ಅದೇ ಸರ್ದಾರ. ಬಿಡುಗಡೆಯಾದವರು ಮತ್ತೆ ಮುಂಗಡಕ್ಕೆ ಕೈಯೊಡ್ಡುವುದನ್ನು ಅವರ ಅಜ್ಞಾನವೆಂದು ಬಗೆಯುವುದು ಅನ್ಯಾಯ. ತುರ್ತಿಗೆ ಸಾಲ ಕೊಡುವ ಬೇರೆ ಕೈ ಅವರಿಗೆ ಕಾಣುತ್ತಿಲ್ಲ.

1.84 ಕೋಟಿ ಜೀತದಾಳುಗಳನ್ನು 2030ರೊಳಗೆ ಬಿಡಿಸುವುದಾಗಿ ಕೇಂದ್ರ ಸರ್ಕಾರ 2016ರಲ್ಲಿ ಹೇಳಿತ್ತು. ಅದಕ್ಕೂ ಹಿಂದಿನ ನಾಲ್ಕು ದಶಕಗಳ ಸಾಧನೆ ಮೂರು ಲಕ್ಷದ ಆಸುಪಾಸು ಎಂಬುದನ್ನು ನೆನೆದರೆ ಈ ಗುರಿಯನ್ನು ಯಾರೂ ಗಂಭೀರವಾಗಿ ತೆಗೆದುಕೊಂಡಂತೆ ಕಾಣುವುದಿಲ್ಲ.

ಲೈಂಗಿಕ ಶೋಷಣೆಗಾಗಿ ನಡೆಯುವ ಸಾಗಾಟದಲ್ಲೂ ಸಾಲದ ಲೆಕ್ಕ ತಪ್ಪಿದ್ದಲ್ಲ. ಹೆಣ್ಣುಮಗಳನ್ನು ತಂದವನಿಗೆ ಘರ್‌ವಾಲಿ, ಎಂದರೆ ವೇಶ್ಯಾಗೃಹ ನಡೆಸುವವಳು, ಕೊಟ್ಟ ಮೊತ್ತ ಆ ಹುಡುಗಿಯ ಹೆಸರಿಗೆ ಸಾಲವಾಗಿ ದಾಖಲಾಗುತ್ತದೆ, ಬಾಡಿಗೆ, ಬಟ್ಟೆ, ಊಟ ಅದಕ್ಕೆ ಕೂಡುತ್ತ ಹೋಗುತ್ತವೆ. ಉತ್ತರ ಕರ್ನಾಟಕದಲ್ಲಿ ದೇವದಾಸಿ ಪದ್ಧತಿಯ ನೆರಳಿನಲ್ಲಿ ಮುಂಬೈ, ಪುಣೆ, ಸಾಂಗಲಿಯ ಕೇರಿಗಳಿಗೆ ಹೋದವರ ಕಥೆ ದೊಡ್ಡದು. ದೇವದಾಸಿಯಾಗಿ ಬಿಡುವುದನ್ನು ರಾಜ್ಯದ 1982ರ ಕಾಯ್ದೆಯೇ ನಿಷೇಧಿಸಿತ್ತು. ಕೊಲ್ಲಿ ದೇಶಗಳಿಗೆ ಮನೆಗೆಲಸಕ್ಕೆಂದು ಹೋದವರಲ್ಲಿ ಪಾಸ್‌ಪೋರ್ಟ್ ಕಸಿದುಕೊಂಡ ಮೇಲೆ ಹೊರಗೆ ಕಾಲಿಡಲಾಗದವರದು ಇದೇ ಜಾತಿಯ ಮತ್ತೊಂದು ಸಂಕಟ.

ತೀರಾ ಹೊಸ ರೂಪ ಕಂಪ್ಯೂಟರಿನ ಮುಂದೆ ಕೂರಿಸುವ ಜೀತ. ಥಾಯ್ಲೆಂಡಿನಲ್ಲಿ ಡೇಟಾ ಎಂಟ್ರಿ ಕೆಲಸ, ಡಾಲರಿನಲ್ಲಿ ಸಂಬಳ ಎಂಬ ಜಾಹೀರಾತು ನಂಬಿ ಹೋದ ಓದಿದ ಹುಡುಗರನ್ನು ನದಿ ದಾಟಿಸಿ ಮ್ಯಾನ್ಮಾರಿನ ಮ್ಯಾವಡ್ಡಿ ಸುತ್ತಲಿನ ಬೇಲಿಯೊಳಗಿನ ಕಟ್ಟಡಗಳಿಗೆ, ಇಲ್ಲವೇ ಕಾಂಬೋಡಿಯಾ, ಲಾವೋಸಿಗೆ ಒಯ್ಯುತ್ತಾರೆ. ಅಲ್ಲಿನ ಕೆಲಸ ನಕಲಿ ಹೆಸರಿನಲ್ಲಿ ಸ್ನೇಹ ಬೆಳೆಸಿ, ಹೂಡಿಕೆಯ ಆಸೆ ಹುಟ್ಟಿಸಿ ದೇಶದೇಶದ ಜನರ ಹಣ ದೋಚುವುದು. ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಕಚೇರಿ 2023ರಲ್ಲಿ ಕೊಟ್ಟ ಅಂದಾಜಿನಂತೆ ಮ್ಯಾನ್ಮಾರಿನಲ್ಲಿ ಕನಿಷ್ಠ 1.2 ಲಕ್ಷ, ಕಾಂಬೋಡಿಯಾದಲ್ಲಿ ಸುಮಾರು 1 ಲಕ್ಷ ಜನ ಹೀಗೆ ಸಿಕ್ಕಿಬಿದ್ದಿದ್ದರು. ದಿನದ ಗುರಿ ಮುಟ್ಟದಿದ್ದರೆ ಹೊಡೆತ, ವಿದ್ಯುತ್ ಶಾಕ್. ಮನೆಗೆ ಹೋಗಬೇಕೆಂದರೆ ತಂದವರಿಗೆ ಕೊಟ್ಟ ಹಣವನ್ನು ಕಟ್ಟಬೇಕು; ಆಗದಿದ್ದರೆ ಒಂದು ಕಂಪನಿ ಇನ್ನೊಂದಕ್ಕೆ ಮಾರುತ್ತದೆ. ಇಟ್ಟಿಗೆ ಗೂಡಿನ ಪುಸ್ತಕ ಇಲ್ಲಿ ಎಕ್ಸೆಲ್ ಹಾಳೆಯಾಗಿದೆ, ಅಷ್ಟೇ. 2025ರ ಮಾರ್ಚಿನಲ್ಲಿ ಭಾರತದ ವಾಯುಪಡೆಯ ವಿಮಾನಗಳು ಎರಡು ಸರದಿಯಲ್ಲಿ 540ಕ್ಕೂ ಹೆಚ್ಚು ಜನರನ್ನು ಥಾಯ್ಲೆಂಡಿನ ಗಡಿಪಟ್ಟಣ ಮೇ ಸೋಟ್‌ನಿಂದ ಕರೆತಂದವು.

ಮರಳಿ ಬಂದವರ ಮುಂದೆ ಇಟ್ಟಿಗೆ ಗೂಡಿನವರಿಗೆ ಇರದ ಒಂದು ತೊಡಕಿದೆ. ಅವರಿಂದ ಮಾಡಿಸಿದ ಕೆಲಸವೇ ವಂಚನೆ. ತನಿಖಾಧಿಕಾರಿಯ ಮೇಜಿನ ಆಚೆ ಕುಳಿತವನು ಸಂತ್ರಸ್ತನೋ ಆರೋಪಿಯೋ ಎಂಬುದನ್ನು ಪ್ರಕರಣ ಪ್ರಕರಣಕ್ಕೂ ಹೊಸದಾಗಿ ತೀರ್ಮಾನಿಸಬೇಕಾಗುತ್ತದೆ. ಕಳ್ಳಸಾಗಣೆಗೆ ಒಳಗಾದವರಿಂದ ಬಲವಂತವಾಗಿ ಮಾಡಿಸಿದ ಅಪರಾಧಕ್ಕೆ ಅವರನ್ನೇ ದಂಡಿಸಬಾರದೆಂಬ ತತ್ವವನ್ನು ವಿಶ್ವಸಂಸ್ಥೆಯ ಮಾರ್ಗಸೂಚಿಗಳು ಒಪ್ಪಿವೆ. ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದಕ್ಕೆಂದೇ ಬರೆದ ಕಲಮಿಲ್ಲ. ಬೆದರಿಕೆಗೆ ಒಳಗಾಗಿ ಮಾಡಿದ ಕೃತ್ಯಕ್ಕೆ ವಿನಾಯಿತಿ ಕೊಡುವ 32ನೇ ಕಲಮು ತತ್‌ಕ್ಷಣದ ಸಾವಿನ ಭಯವನ್ನು ಕೇಳುತ್ತದೆ. ತಿಂಗಳುಗಟ್ಟಲೆ ಬೇಲಿಯೊಳಗೆ ಕೂಡಿಹಾಕಿ, ಪಾಸ್‌ಪೋರ್ಟ್ ಕಿತ್ತುಕೊಂಡು, ದಿನಕ್ಕಿಷ್ಟು ಹೊಡೆತವೆಂದು ಮಾಡಿಸಿದ ಕೆಲಸ ಅದರ ಅಳತೆಗೆ ಸುಲಭವಾಗಿ ಹೊಂದುವುದಿಲ್ಲ. 2018ರ ಮಸೂದೆಯಲ್ಲಿ ಸಂತ್ರಸ್ತರಿಗೆ ಸೀಮಿತವಾದ ಒಂದು ರಕ್ಷಣೆಯನ್ನು ಸೇರಿಸಿದ್ದರು. ಮಸೂದೆಯೊಂದಿಗೆ ಅದೂ ಹೋಯಿತು.